ಹೆಸರು ಕೂಗಿದರೆ ಬರುವ ಕೋಳಿ

ಮೊದಲೇ ಹೇಳಿಬಿಡುತ್ತೇನೆ, ಆ ಕೋಳಿಯ ಹೆಸರನ್ನು ಈಗಲೇ ಕೇಳಬೇಡಿ. ಅದು ನನ್ನ ಅತ್ತೆಯ ಅತ್ತೆಯ ಹೆಸರು. ನಮ್ಮಲ್ಲಿ ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರನ್ನು, ಅವರು ಸತ್ತು ಮಣ್ಣಾದ ಮೇಲೂ, ನಾಲಿಗೆಯ ಮೇಲೆ ತರುವ ಹಾಗಿಲ್ಲ. ಗಂಡನ ಹೆಸರೂ ಇಲ್ಲ. ಇಪ್ಪತ್ತೈದು ವರ್ಷದಿಂದ ನಾನು 'ಇವರೇ' ಎನ್ನುತ್ತಿದ್ದೇನೆ, ಅವರು ತಿರುಗಿ ನೋಡುತ್ತಿದ್ದಾರೆ, ಸಂಸಾರ ನಡೆದಿದೆ.

ಹೀಗಿರುವಾಗ ನನ್ನ ಅತ್ತೆ, ಎಪ್ಪತ್ತೆಂಟು ವರ್ಷದ ಹೆಂಗಸು, ಹೋದ ವಸಂತದಲ್ಲಿ ಒಂದು ಬೂದುಬಣ್ಣದ ಹೇಂಟೆಯನ್ನು ಮಡಿಲಲ್ಲಿಟ್ಟುಕೊಂಡು ಬಂದು, ಅದಕ್ಕೆ ತನ್ನ ಅತ್ತೆಯ ಹೆಸರಿಟ್ಟರು. ಇಡೀ ಕಣಿವೆ ನಕ್ಕಿತು. ಪಕ್ಕದ ಮನೆಯ ನಾಜಿಪಾ, ಅರವತ್ತೊಂದು ವರ್ಷವಾದರೂ ಬಾಯಿಗೆ ಮಾತ್ರ ಇನ್ನೂ ಹದಿನಾರು, ನೇರವಾಗಿ ಕೇಳಿಯೇಬಿಟ್ಟಳು. "ಏನಕ್ಕಾ, ಸೇಡು ತೀರಿಸ್ಕೊಳ್ತಿದ್ದೀಯ?"

"ಅವರಿರೋ ತನಕ ಒಂದ್ಸಲಾನೂ ಹೆಸರು ಹಿಡಿದು ಕರೀಲಿಲ್ಲ. ಈಗ ಕರೀತೀನಿ. ಏನಿವಾಗ?" ಎಂದರು ಅತ್ತೆ.

ಕರೆದರು ನೋಡಿ, ದಿನಕ್ಕೆ ನಲವತ್ತು ಸಲ. ಸೌದೆ ಕೊಟ್ಟಿಗೆಯಲ್ಲಿ ಹಿಕ್ಕೆ ಹಾಕಿದರೆ ಹೆಸರು ಹಿಡಿದು ಬೈಗುಳ, ಮೊಟ್ಟೆ ಇಟ್ಟರೆ ಹೆಸರು ಹಿಡಿದು ಮುದ್ದು. ಸಂಜೆಯಾದರೆ ಬಾಗಿಲಲ್ಲಿ ನಿಂತು ಎರಡು ಸಲ ಕೂಗುತ್ತಿದ್ದರು, ಅದು ಎಲ್ಲಿದ್ದರೂ ಕುಪ್ಪಳಿಸಿಕೊಂಡು ಬರುತ್ತಿತ್ತು. ಹೆಸರು ಬಿಟ್ಟು ಬೇರೆ ಏನು ಹೇಳಿ ಕರೆದರೂ ಆ ಪ್ರಾಣಿ ಕತ್ತೆತ್ತಿಯೂ ನೋಡದು. ನನ್ನ ಪಾಡು ಏನಾಗಬೇಕು? ಹೆಸರು ಹೇಳುವ ಹಾಗಿಲ್ಲ. ಆ ಹೆಸರಿನವರನ್ನು ಏಕವಚನದಲ್ಲಿ ಕರೆಯಲು ಬಾಯಿ ಬಾರದು. 'ದೊಡ್ಡಜ್ಜಿ, ತಾವು ಹಿಟ್ಟಿನ ಮೂಟೆಯಿಂದ ಸ್ವಲ್ಪ ಇಳೀತೀರಾ?' ಎಂದು ಒಂದು ಕೋಳಿಗೆ ಹೇಳಿದವಳು ಈ ಕಣಿವೆಯಲ್ಲಿ ನಾನೊಬ್ಬಳೇ ಇರಬೇಕು. ಅದಕ್ಕೇ, ಮುಂದೆ ಅತ್ತೆಯೋ ಬೇರೆ ಯಾರೋ ಆಡಿದ ಮಾತಿನಲ್ಲಿ ಆ ಹೆಸರು ಬಂದ ಕಡೆಯೆಲ್ಲ ನಾನು ದೊಡ್ಡಜ್ಜಿ ಎಂದು ಹಾಕಿದ್ದೇನೆ. ಹೆಸರು ತನ್ನ ಹೊತ್ತಿಗೆ ಬರುತ್ತದೆ.

ಡಿಸೆಂಬರಿನಲ್ಲಿ ಅತ್ತೆ ಎರಡು ದಿನದ ಮಟ್ಟಿಗೆ ತಂಗಿಯ ಮಗಳ ಮದುವೆಗೆಂದು ಹೊಳೆಯಾಚೆಯ ಊರಿಗೆ ಹೋದರು. ಜೀಪು ಹತ್ತುವಾಗಲೂ ಹೇಳಿದ್ದು ಒಂದೇ ಮಾತು. "ಹೊತ್ತು ಮುಳುಗೋಕೆ ಮುಂಚೆ ದೊಡ್ಡಜ್ಜೀನ ಒಳಗೆ ಹಾಕು."

ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ನಮ್ಮ ಗಾಳಿ ಎದ್ದರೆ ಹೇಳಿಕೇಳಿ ಏಳುವುದಿಲ್ಲ. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಹಿಮದಲ್ಲಿ ಹುಲ್ಲಿನ ಬಣವೆಯೇ ಕಾಣದಾಯಿತು. ಕೋಳಿ ಬಣವೆಯ ಆಚೆ ಎಲ್ಲೋ ಇತ್ತು. ನಾನು ಬಾಗಿಲಲ್ಲಿ ನಿಂತು ಕೂಗಿದೆ. ಬಾ ಬಾ ಎಂದೆ, ಕೋ ಕೋ ಎಂದೆ, ಬೂದೀ ಎಂದೆ, ಅಜ್ಜೀ ಎಂದೆ, ದೊಡ್ಡಜ್ಜೀ ಎಂದೆ, ತಾಯೀ ಕಾಲಿಗೆ ಬೀಳ್ತೀನಿ ಬನ್ನಿ ಎಂದೆ. ಉಹುಂ. ಬಣವೆಯನ್ನು ಎರಡು ಸುತ್ತು ಬಂದೆ, ಕಣ್ಣಿನ ರೆಪ್ಪೆ ಅಂಟಿಕೊಂಡಿತು. ಒಂದೇ ಒಂದು ಶಬ್ದ ಬೇಕಾಗಿತ್ತು, ಅಷ್ಟೇ. ಅಂಗಳದಲ್ಲಿ ನಾಯಿ ಬಿಟ್ಟರೆ ಒಂದು ನರಪಿಳ್ಳೆ ಇರಲಿಲ್ಲ, ಹೇಳಿದ್ದರೆ ಯಾರು ಕೇಳುತ್ತಿದ್ದರು? ಬಾಯಿ ತೆರೆದೆ. ಗಾಳಿ ಒಳಗೆ ಹೋಯಿತೇ ಹೊರತು ಹೆಸರು ಹೊರಗೆ ಬರಲಿಲ್ಲ. ಹುಲ್ಲಿನೊಳಗೆ ನುಗ್ಗಿ ಬೆಚ್ಚಗಿರುತ್ತದೆ ಬಿಡು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಬಾಗಿಲು ಹಾಕಿದೆ.

ಬೆಳಗ್ಗೆ ಗಾಳಿ ನಿಂತು ಆಕಾಶ ತೊಳೆದಿಟ್ಟ ಹಾಗಿತ್ತು. ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿನ ಕೊರೆತ. ದನದ ನೀರಿನ ತೊಟ್ಟಿ ತುಳುಕಿ ಸುತ್ತ ಮಂಜುಗಡ್ಡೆಯಾಗಿತ್ತಲ್ಲ, ಅದರ ನಡುವೆ ಕೋಳಿ ನಿಂತಿತ್ತು. ನಿಂತಿತ್ತು ಎಂದರೆ ನೆಟ್ಟಿತ್ತು. ಎರಡೂ ಪಾದ ಗಡ್ಡೆಯೊಳಗೆ ಸೇರಿಹೋಗಿದ್ದವು. ಕಣ್ಣು ಮಾತ್ರ ತೆರೆದು ನನ್ನನ್ನು ನೋಡುತ್ತಿತ್ತು. ಸದ್ಯ, ಬದುಕಿದೆ ಎಂದುಕೊಂಡೆ. ಎರಡನೆಯದಾಗಿ ಬಂದ ಯೋಚನೆಯನ್ನೂ ಮುಚ್ಚಿಡುವುದಿಲ್ಲ: ಸತ್ತೇ ಹೋಗಿದ್ದರೆ ನರಿ ಒಯ್ದಿತು ಎನ್ನಬಹುದಿತ್ತು.

ನನ್ನವರು ಉಗುರುಬೆಚ್ಚಗಿನ ನೀರು ಹುಯ್ದು ಹುಯ್ದು ಬಿಡಿಸಿದರು. ಅವರು ಹಿಮ ತೆಗೆಯುವ ಟ್ರ್ಯಾಕ್ಟರ್ ಓಡಿಸುವವರು, ರಸ್ತೆ ಬಿಡಿಸಿ ಗೊತ್ತು, ಕೋಳಿ ಬಿಡಿಸಿ ಗೊತ್ತಿಲ್ಲ. ಅಷ್ಟರಲ್ಲಿ ನಾಜಿಪಾ ಬೊಗಸೆ ತುಂಬ ಹಿಮ ಹಿಡಿದು ಓಡಿಬಂದಳು. "ಉಜ್ಜು, ಉಜ್ಜು! ಹಿಮದ ಹೊಡೆತಕ್ಕೆ ಹಿಮಾನೇ ಮದ್ದು!"

"ನಿನ್ನ ಮೂತಿಗೆ ಉಜ್ಜಿಕೋ," ಎಂದೆ. ಬೂಟು ಮಾಡುವವಳು ನಾನು. ಕುರಿಯುಣ್ಣೆ ಬಡಿದು, ಬಿಸಿನೀರು ಹಾಕಿ, ತುಳಿದು ಉರುಳಿಸಿ ಊರಿಗೆಲ್ಲ ಚಳಿಗಾಲದ ಬೂಟು ಮಾಡಿಕೊಡುತ್ತೇನೆ. ಚಳಿ ಹಿಡಿದ ಕಾಲನ್ನು ಉಜ್ಜಬಾರದೆಂಬಷ್ಟು ನನಗೆ ಗೊತ್ತು.

ದನದ ಡಾಕ್ಟರ್ ತುರ್ದಾಕುನ್‌ನನ್ನು ಕರೆಸಿದೆವು. ಕುದುರೆಯ ಮೇಲೆ ಬಂದವನು ಒಲೆಯ ಪಕ್ಕದಲ್ಲಿದ್ದ ರೋಗಿಯನ್ನು ನೋಡಿ ಟೋಪಿಯನ್ನೇ ತೆಗೆಯಲಿಲ್ಲ.

"ಮೂವತ್ತು ವರ್ಷ ಕುದುರೆ ನೋಡಿದೀನಿ. ಇದಕ್ಕೆ ನನಗೆ ಗೊತ್ತಿರೋದು ಒಂದೇ ಔಷಧಿ."

"ಏನದು?"

"ಈರುಳ್ಳಿ. ಸಣ್ಣಗೆ ಹೆಚ್ಚಬೇಕು."

"ತುರ್ದಾಕುನ್, ಅದರ ಹೆಸರು ಯಾರದು ಅಂತ ಮರೆತ್ಯಾ? ನಿನ್ನ ಸುನ್ನತಿ ದಿನ ನಿನ್ನ ಬಾಯಿಗೆ ಸಕ್ಕರೆ ಹಾಕಿದ ಕೈ ಅದು," ಎಂದರು ನನ್ನವರು.

ಡಾಕ್ಟರು ಟೋಪಿ ತೆಗೆದ. ಪಾದಗಳನ್ನು ನೋಡಿದ. ಊದಿಕೊಂಡು, ಗುಳ್ಳೆಯೆದ್ದು, ಬೆರಳುಗಳು ನೀಲಿ ಹಿಡಿದಿದ್ದವು. "ಇಷ್ಟರಮಟ್ಟಿಗೆ ಹಿಡಿದ ಮೇಲೆ ಬೆರಳು ಉಳಿಯಲ್ಲ. ಪ್ರಾಣ ಉಳಿದ್ರೆ ದೊಡ್ಡದು," ಎಂದು, ಮುಳ್ಳುಹಣ್ಣಿನ ಕಿತ್ತಳೆ ಬಣ್ಣದ ಎಣ್ಣೆ ಕೊಟ್ಟು, ಕೋಳಿಗೆ ಮದ್ದು ಮಾಡಿದ್ದನ್ನು ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡು ಹೋದ. ಮರುದಿನದಿಂದ ಹಸು ನೋಡುವ ನೆಪದಲ್ಲಿ ದಿನಾ ಬರತೊಡಗಿದ. ನಮ್ಮ ಹಸುವಿಗೆ ಏನೂ ಆಗಿರಲಿಲ್ಲ.

ಅತ್ತೆ ಬಂದರು. ಕೋಳಿಯನ್ನು ನೋಡಿದರು. ಕೋಟೂ ಬಿಚ್ಚದೆ ಅದರ ಮುಂದೆ ಕೂತರು.

"ಕರೀಲಿಲ್ವಾ?"

"ಕರೆದೆ ಅಮ್ಮ." ನಮ್ಮಲ್ಲಿ ಅತ್ತೆಯನ್ನು ಅಮ್ಮ ಎಂದೇ ಕರೆಯುವುದು.

"ಹೆಸರು ಹಿಡಿದು?"

ನಾನು ನೆಲ ನೋಡಿದೆ. ಆಮೇಲೆ ಸಿಟ್ಟು ಬಂತು. ಹೆಸರು ಹೇಳಿದ್ದರೆ ನಾಚಿಕೆಗೆಟ್ಟ ಸೊಸೆ, ಹೇಳದಿದ್ದರೆ ಕೊಲೆಗಡುಕಿ. "ಅವರ ಹೆಸರು ನಾನು ಹೆಂಗೆ ಹೇಳ್ಲಿ? ನೀವೇ ಕಲಿಸಿದ್ದಲ್ವಾ?" ಎಂದೆ.

ಅತ್ತೆ ನನ್ನ ಕಡೆ ತಿರುಗಲೇ ಇಲ್ಲ. ಕೋಳಿಗೆ ಹೇಳಿದರು. "ದೊಡ್ಡಜ್ಜೀ, ಇವಳಿಗೆ ಹೇಳು, ನೀನು ನಿನ್ನ ಕಾಲಲ್ಲಿ ನಡೆಯೋ ತನಕ ಇವಳ ಹತ್ರ ನನಗೆ ಮಾತಿಲ್ಲ. ನೀನು ಹೋದ ದಿನ ನಾನೂ ಹೋಗ್ತೀನಿ, ಪಟ್ಟಣಕ್ಕೆ, ಮಗಳ ಮನೆಗೆ." ಹೇಳಿ ತಮ್ಮ ಪೆಟ್ಟಿಗೆಯನ್ನು ಎಳೆದು ತಂದು ಹೊಸ್ತಿಲಲ್ಲಿಟ್ಟರು.

ನಗಬೇಡಿ. ನನ್ನವರು ಕಿರಿಯ ಮಗ. ಹೆತ್ತವರು ಕಿರಿಯ ಮಗನ ಒಲೆಯ ಮುಂದೆಯೇ ಕಣ್ಣು ಮುಚ್ಚಬೇಕು. ಅವರು ಪೆಟ್ಟಿಗೆ ಹೊತ್ತು ಮಗಳ ಮನೆಗೆ ಹೋದರೆ, ಒಂದು ಕೋಳಿಯ ಕಾಲಿನ ದೆಸೆಯಿಂದ ಸೊಸೆ ಅತ್ತೆಯನ್ನು ಓಡಿಸಿದಳು ಎಂದು ನನ್ನ ಮೊಮ್ಮಕ್ಕಳ ಮದುವೆಯಲ್ಲೂ ಆಡಿಕೊಳ್ಳುತ್ತಾರೆ. ಅದು ಬಿಡಿ. ಆ ಮುದುಕಿಯಿಲ್ಲದ ಮನೆಯಲ್ಲಿ ನಾನು ಯಾರ ಮೇಲೆ ಗೊಣಗಲಿ? ಇಪ್ಪತ್ತೈದು ವರ್ಷ ಒಂದೇ ತಪ್ಪಲೆಯಲ್ಲಿ ಕೈಯಾಡಿಸಿದ್ದೇವೆ. ನನ್ನ ಇಬ್ಬರು ಹೆಣ್ಣುಮಕ್ಕಳ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಅದು. ಹೋಗಿಬಿಟ್ಟಾರು ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಹೊಸ ಕ್ರಮ. ಅತ್ತೆಯ ಮಾತೆಲ್ಲ ಕೋಳಿಯ ಮೂಲಕ ಬರುತ್ತಿತ್ತು.

"ದೊಡ್ಡಜ್ಜೀ, ಉಪ್ಪುಚಹಾಕ್ಕೆ ಉಪ್ಪೇ ಸಾಲದು ಅಂತ ಹೇಳು ಅವಳಿಗೆ."

"ದೊಡ್ಡಜ್ಜಿ, ಉಪ್ಪಿನ ಡಬ್ಬಿ ಅವರ ಮೂಗಿನ ಕೆಳಗೇ ಇದೆ ಅಂತ ದಯವಿಟ್ಟು ತಿಳಿಸಿ."

"ದೊಡ್ಡಜ್ಜೀ, ನಾಲಿಗೆ ಉದ್ದ ಆಯ್ತು ಅಂತ ಹೇಳು."

"ದೊಡ್ಡಜ್ಜಿ, ಉದ್ದ ಇದ್ದಿದ್ರೆ ಆವತ್ತೇ ಹೆಸರು ಹೇಳ್ತಿದ್ದೆ ಅಂತ ತಿಳಿಸಿ."

ಕೋಳಿ ಎರಡು ಕಡೆಗೂ ಕತ್ತು ತಿರುಗಿಸಿ ತಿರುಗಿಸಿ ಸುಸ್ತಾಗಿ ಕಣ್ಣು ಮುಚ್ಚುತ್ತಿತ್ತು. ನನ್ನವರು ಮಾತ್ರ ಎಂದಿನಂತೆ "ಅಮ್ಮ ಹೇಳೋದೂ ಸರಿ, ನೀನು ಹೇಳೋದೂ ಸರಿ," ಎಂದು ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದರು. ಹೊರಗೆ ಹೋಗುವಾಗ ಪೆಟ್ಟಿಗೆ ಎಡವುತ್ತಿದ್ದರು, ಒಳಗೆ ಬರುವಾಗಲೂ ಎಡವುತ್ತಿದ್ದರು.

ಆರೈಕೆ ಎಂದರೆ ಅಂತಿಂಥದ್ದಲ್ಲ. ನೆಲಕ್ಕೆ ಬಿಟ್ಟರೆ ಹುಣ್ಣಾದ ಪಾದದ ಮೇಲೆ ಭಾರ ಬೀಳುತ್ತದೆ, ಬುಟ್ಟಿಯಲ್ಲಿಟ್ಟರೆ ತನ್ನ ಹಿಕ್ಕೆಯ ಮೇಲೆ ತಾನೇ ಕೂತು ಗಾಯ ಕೊಳೆಯುತ್ತದೆ. ನಾಲ್ಕನೆಯ ದಿನ ಅತ್ತೆ ಅಟ್ಟದಿಂದ ಮನೆಯ ಹಳೇ ತೊಟ್ಟಿಲನ್ನು ಇಳಿಸಿದರು. ನನ್ನವರು, ಅವರಣ್ಣ, ನನ್ನ ಹೆಣ್ಣುಮಕ್ಕಳು ಎಲ್ಲ ಮಲಗಿ ಎದ್ದ ತೊಟ್ಟಿಲು. ನಮ್ಮ ತೊಟ್ಟಿಲಿನ ತಳದಲ್ಲಿ ತೂತಿರುತ್ತದೆ, ಕೂಸು ಏನು ಮಾಡಿದರೂ ಕೆಳಗಿನ ಮಡಕೆಗೆ ಬೀಳುತ್ತದೆ. ಆ ತೂತಿನ ಮೇಲೆ ಕೋಳಿಯ ಹಿಂಭಾಗ ಸರಿಯಾಗಿ ಕೂರುವ ಹಾಗೆ ಪಟ್ಟಿ ಕಟ್ಟಿದೆವು. ನಾನು ಎರಡು ಹೊತ್ತು ಪಾದ ತೊಳೆದು, ಒರೆಸಿ, ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಮಡಿಲಲ್ಲಿ ಕೂರಿಸಿಕೊಂಡು ನೆನೆಸಿದ ಗೋಧಿ ತಿನ್ನಿಸುತ್ತಿದ್ದೆ. ವಾರಕ್ಕೊಮ್ಮೆ ಬಾಣಲೆಯಲ್ಲಿ ಬೆಚ್ಚಗಿನ ಬೂದಿ ಹಾಕಿ ಅದರಲ್ಲಿ ಹೊರಳಿಸುತ್ತಿದ್ದೆ, ಪಾದಕ್ಕೆ ಬೂದಿ ತಾಗದ ಹಾಗೆ ಕೈಯಲ್ಲಿ ಎತ್ತಿ ಹಿಡಿದು. ಅಳತೊಡಗಿದರೆ, ಹೌದು, ಕೋಳಿ ಅಳುತ್ತದೆ, ಅತ್ತೆ ತೊಟ್ಟಿಲು ತೂಗುತ್ತಿದ್ದರು.

ತೂಗುವ ಸದ್ದು ನಾಜಿಪಾ ಕಿವಿಗೆ ಬೀಳಬೇಕೆ? ಗೋಡೆಯಾಚೆಯಿಂದ ಕೇಳಿದವಳು ನೋಡುವ ಗೋಜಿಗೂ ಹೋಗದೆ ಊರಿಗೆ ಸುದ್ದಿ ಮುಟ್ಟಿಸಿದಳು. ಮರುದಿನ ಹನ್ನೊಂದು ಜನ ಹೆಂಗಸರು ಕೂಸು ನೋಡುವ ಕಾಣಿಕೆ ಹಿಡಿದು ಬಂದರು. ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿದ ಬೋರ್ಸೋಕಿನ ಬುಟ್ಟಿ, ದೃಷ್ಟಿಮಣಿ, ಗೂಬೆಗರಿ ಸಿಕ್ಕಿಸಿದ ಪುಟ್ಟ ಕುಲಾವಿ.

"ನಲವತ್ತೇಳರಲ್ಲಿ ಹೆತ್ತುಬಿಟ್ಟಲ್ಲೇ, ಗಟ್ಟಿಗಿತ್ತಿ! ಹೊಟ್ಟೇನೇ ಕಾಣ್ಲಿಲ್ವಲ್ಲೇ!"

ನಾನು ಬಾಯಿ ತೆರೆಯುವಷ್ಟರಲ್ಲಿ ಒಬ್ಬಳು ತೊಟ್ಟಿಲಿನ ಹೊದಿಕೆ ಸರಿಸಿದಳು. ಕೋಳಿ ಹನ್ನೊಂದು ಜನರನ್ನೂ ಒಂದು ಕಣ್ಣಿನಲ್ಲಿ ನೋಡಿತು. ನಮ್ಮಲ್ಲಿ ತಂದ ಕಾಣಿಕೆಯನ್ನು ವಾಪಸು ಒಯ್ಯುವುದು ಅಪಶಕುನ. ಮುಖ ಮುಖ ನೋಡಿಕೊಂಡರು. ಕೊನೆಗೆ ಹಿರಿಯಳೊಬ್ಬಳು ಗಂಟಲು ಸರಿಮಾಡಿಕೊಂಡು, "ಆಯಸ್ಸು ಕೊಡಲಿ... ಮೂಗು ಅಪ್ಪನ ಹಾಗಿದೆ," ಎಂದು ಕುಲಾವಿಯನ್ನು ಕೋಳಿಯ ತಲೆಗೆ ತೊಡಿಸಿದಳು. ಅತ್ತೆ ಗಂಭೀರವಾಗಿ ಎಲ್ಲರಿಗೂ ಚಹಾ ಕೊಟ್ಟರು. ನಾನು ಕೊಟ್ಟಿಗೆಗೆ ಓಡಿಹೋಗಿ ಹಸುವಿನ ಕುತ್ತಿಗೆ ತಬ್ಬಿಕೊಂಡು ನಕ್ಕೆ, ಆಮೇಲೆ ಯಾಕೋ ಅಳುವೂ ಬಂತು.

ಬೆರಳುಗಳು ಕಪ್ಪಾದವು. ಸುಟ್ಟ ಕಡ್ಡಿಯ ಹಾಗೆ ಒಣಗಿ ನಿಂತವು. ನಾನು ಕತ್ತರಿ ಕಾಯಿಸಿಕೊಂಡು ಬಂದೆ.

"ದೊಡ್ಡಜ್ಜೀ, ಕತ್ತರಿ ಕೆಳಗಿಡು ಅಂತ ಹೇಳು," ಎಂದರು ಅತ್ತೆ. ದನಿ ಬೇರೆಯಾಗಿತ್ತು. "ಮೈಯೇ ಗೆರೆ ಹಾಕ್ಕೊಳ್ಳುತ್ತೆ. ಕಪ್ಪು ಎಲ್ಲಿವರೆಗೆ, ಕೆಂಪು ಎಲ್ಲಿಂದ ಅಂತ. ಗೆರೆ ಬಿದ್ದ ಮೇಲೆ ತಾನೇ ಉದುರುತ್ತೆ. ಅವಸರ ಮಾಡಿದ್ರೆ ಒಳ್ಳೇದೂ ಹೋಗುತ್ತೆ."

ಸಂಜೆ ಬಂದ ತುರ್ದಾಕುನ್ ಅದನ್ನೇ ಹೇಳಿದ. ಅತ್ತೆಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳೋಣವೆಂದರೆ ನಮಗೆ ಮಾತಿರಲಿಲ್ಲ, ಕೋಳಿ ನಿದ್ದೆ ಮಾಡುತ್ತಿತ್ತು.

ಆರು ವಾರಕ್ಕೆ ಉದುರಿದವು. ಎಡಗಾಲಿನ ನಾಲ್ಕೂ, ಬಲಗಾಲಿನ ಮೂರು. ಅತ್ತೆ ಒಂದೊಂದನ್ನೂ ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲಿಟ್ಟು ಕಾಯ್ದರು. ಏಳೂ ಆದಮೇಲೆ ನನ್ನವರ ಟ್ರ್ಯಾಕ್ಟರ್ ಹತ್ತಿ ಗುಡ್ಡದ ಸ್ಮಶಾನಕ್ಕೆ ಹೋಗಿ, ಹಾರೆಯಲ್ಲಿ ಹಿಮ ಒಡೆಸಿ, ತಮ್ಮ ಅತ್ತೆಯ ಗೋರಿಯ ಕಾಲ ಬಳಿ ಹೂಳಿ ಬಂದರು. ಅಮ್ಮನಿಗೆ ತಲೆ ಕೆಟ್ಟಿತು ಎಂದು ನನ್ನವರು ಕೊಟ್ಟಿಗೆಯ ಹಿಂದೆ ನಿಂತು ಸಿಗರೇಟು ಸೇದಿದರು.

ಉಳಿದದ್ದು ಎರಡು ಮೋಟು, ಒಂದು ಬೆರಳು. ಅದಕ್ಕೆ ಬೂಟು ಮಾಡುವುದು ನನ್ನ ಪಾಲಿಗೆ ಬಂತು. ಇಪ್ಪತ್ತು ವರ್ಷದಲ್ಲಿ ಪೊಲೀಸರಿಗೆ, ಕುರುಬರಿಗೆ, ಒಂಟಿಕಾಲಿನ ಗಿರಣಿಯವನಿಗೆ ಬೂಟು ಮಾಡಿದ್ದೇನೆ, ಯಾರೂ ಅದನ್ನು ಕುಕ್ಕಿ ತಿಂದಿರಲಿಲ್ಲ. ಮೊದಲ ಜೋಡಿ ತಿಂದಿತು. ಎರಡನೆಯದು ಜಾರಿ ಗಂಜಿಗೆ ಬಿತ್ತು. ಮೂರನೆಯದು ಹಾಕಿಕೊಂಡು ಮೂತಿ ಅಡಿಯಾಗಿ ಬಿದ್ದು ಮೂರು ದಿನ ನನ್ನ ಮೇಲೆ ಮುನಿಸಿಕೊಂಡಿತು. ನಾಲ್ಕನೆಯ ಸಲ ಅಕ್ರೋಟು ಕಾಯಿಯನ್ನೇ ಅಚ್ಚಾಗಿಟ್ಟು, ಅಗಲವಾದ ತಳ ಬಿಟ್ಟು, ಕೆಳಗೆ ಕುರಿದೊಗಲು ಹೊಲಿದು ಮಾಡಿದೆ. ಸರಿಯಾಗಿ ಕೂತಿತು. ಫೆಬ್ರವರಿ ಕೊನೆಗೆ ಕೋಳಿ ನಿಂತಿತು.

ನಿಂತಿತು, ಅಷ್ಟೇ. ಒಂದು ಹೆಜ್ಜೆ ಎತ್ತಿಡಲಿಲ್ಲ. ನಿಲ್ಲಿಸಿದಲ್ಲೇ ನಿಂತಿರುತ್ತಿತ್ತು, ಆವತ್ತು ಮಂಜುಗಡ್ಡೆಯಲ್ಲಿ ನಿಂತ ಹಾಗೆಯೇ. ಎರಡು ವಾರ ಹೀಗೇ ಆಯಿತು. ಮೇವು ಬಿಟ್ಟಿತು, ಎದೆಮೂಳೆ ಕೈಗೆ ಚುಚ್ಚತೊಡಗಿತು.

ತುರ್ದಾಕುನ್ ಎಲ್ಲ ಮುಟ್ಟಿ ನೋಡಿದ. "ಕಾಲು ವಾಸಿಯಾಗಿದೆ. ತಲೆ ಇನ್ನೂ ಆ ಗಡ್ಡೆಯೊಳಗೇ ಇದೆ. ಹಿಂಗೇ ಬಿಟ್ರೆ ಹತ್ತು ದಿನ."

ಅತ್ತೆ ಹೊಸ್ತಿಲ ಪೆಟ್ಟಿಗೆಯ ಬೀಗ ತೆಗೆದು ಬಟ್ಟೆ ಮಡಿಸಿಡತೊಡಗಿದರು. ಮಡಿಸುತ್ತ ಮಡಿಸುತ್ತ ತಟಕ್ಕನೆ ನಿಲ್ಲಿಸಿ, "ದೊಡ್ಡಜ್ಜೀ, ನಿನಗೆ ಕಾಲ್ಗಟ್ಟು ಕತ್ತರಿಸೋಣ ಅಂತ ಹೇಳು ಅವಳಿಗೆ," ಎಂದರು.

ಕೂಸು ಮೊದಲ ಹೆಜ್ಜೆ ಇಡುವ ಹೊತ್ತಿಗೆ ನಾವು ಮಾಡುವ ಶಾಸ್ತ್ರ ಅದು. ಕಪ್ಪು ಬಿಳಿ ಉಣ್ಣೆ ಹೊಸೆದ ದಾರದಿಂದ ಕೂಸಿನ ಎರಡು ಕಾಲು ಸೇರಿಸಿ ಕಟ್ಟುತ್ತೇವೆ. ದೂರದಿಂದ ಮಕ್ಕಳು ಓಡಿಬರುತ್ತಾರೆ, ಮೊದಲು ಮುಟ್ಟಿದವರು ಚಾಕುವಿನಿಂದ ದಾರ ಕತ್ತರಿಸುತ್ತಾರೆ, ಆಮೇಲೆ ಕೂಸು ಜೀವಮಾನವೆಲ್ಲ ಎಡವದೆ ನಡೆಯುತ್ತದೆ. ಕೋಳಿಗೆ ಇದನ್ನು ಮಾಡಿದ್ದು ನಾನು ಕೇಳಿಲ್ಲ. ಆದರೆ ಆ ಹೊತ್ತಿಗೆ ಯಾವುದಕ್ಕೂ ಬೇಡ ಎನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎರಡು ಬುಟ್ಟಿ ಬೋರ್ಸೋಕ್ ಕರಿದೆ.

ಮಾರ್ಚಿನ ಒಂದು ಬಿಸಿಲ ಮಧ್ಯಾಹ್ನ ಊರೆಲ್ಲ ಸೇರಿತು. ಕೂಸಿನ ಕಾಣಿಕೆ ಕೊಟ್ಟ ಹನ್ನೊಂದು ಜನ ಮುಂದಿನ ಸಾಲಿನಲ್ಲಿ. ಹೆಸರಿನ ಘನತೆಗೆ ಚಿಳ್ಳೆಪಿಳ್ಳೆಗಳು ಓಡಿದರೆ ಸರಿಹೋಗದು, ಅರವತ್ತು ದಾಟಿದವರೇ ಓಡಬೇಕು ಎಂದು ಅತ್ತೆಯ ಅಪ್ಪಣೆಯಾಗಿತ್ತು. ಏಳು ಮುದುಕಿಯರು ಲಂಗ ಎತ್ತಿ ಸಿಕ್ಕಿಸಿ ಬಣವೆಯ ಹತ್ತಿರ ಸಾಲಾಗಿ ನಿಂತರು. ತುರ್ದಾಕುನ್ ಕುದುರೆಯ ಮೇಲೆ ಕೂತು ಟೋಪಿ ಬೀಸಿದ. ಅಬ್ಬಬ್ಬಾ, ಆ ಓಟ! ಒಬ್ಬಳು ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದು ಓಡಿದಳು, ಒಬ್ಬಳು ದಾರಿಯಲ್ಲಿ ಸಗಣಿ ಮೆಟ್ಟಿ ಕೂತೇಬಿಟ್ಟಳು. ನಾಜಿಪಾ ಮೊಣಕೈಯಲ್ಲಿ ಇಬ್ಬರನ್ನು ತಿವಿದು ಗೆದ್ದಳು.

"ಮೋಸ!" ಎಂದರು ಸೋತವರು.

"ಸೊಂಟ ಗಟ್ಟಿ ಇಟ್ಕೊಳ್ಳಿ, ಆಮೇಲೆ ಬನ್ನಿ!" ಎಂದು ಏದುಸಿರಿನಲ್ಲೇ ನಾಜಿಪಾ ಚಾಕು ಎತ್ತಿ ದಾರ ಕತ್ತರಿಸಿದಳು.

ನನ್ನವರು ಕೋಳಿಯನ್ನು ಅಂಗಳದ ನಡುವೆ ಬಿಟ್ಟು ಹಿಂದೆ ಸರಿದರು. ತಲೆಯಲ್ಲಿ ಗೂಬೆಗರಿಯ ಕುಲಾವಿ, ಕಾಲಲ್ಲಿ ಉಣ್ಣೆಬೂಟು. ನಿಂತಿತು. ಅತ್ತೆ ಎದುರಿಗೆ ಕೂತು ಹೆಸರು ಹಿಡಿದು ಕರೆದರು. ಅಲ್ಲಾಡಲಿಲ್ಲ. ಮತ್ತೆ ಕರೆದರು. ಮುದ್ದಿನಿಂದ ಕರೆದರು, ಗದರಿ ಕರೆದರು, ಕೊನೆಗೆ ದನಿ ಒಡೆದು ಕರೆದರು. ಹನ್ನೊಂದು ಜನರೂ ಕರೆದರು, ಓಡಿದವರು ಕರೆದರು, ಡಾಕ್ಟರೂ ಕುದುರೆಯ ಮೇಲಿಂದ ಕರೆದ. ಸತ್ತು ನಲವತ್ತೆಂಟು ವರ್ಷವಾದ ಆ ಹಿರಿಯಳ ಹೆಸರು ಅಂಗಳದ ತುಂಬ ಹಾರಾಡಿತು. ಕೋಳಿ ಯಾರ ಕಡೆಗೂ ನೋಡಲಿಲ್ಲ. ಬೋರ್ಸೋಕ್ ಬುಟ್ಟಿ ಹಿಡಿದು ಗೋಡೆಗೊರಗಿ ನಿಂತಿದ್ದ ನನ್ನನ್ನೇ ಒಂದು ಕಣ್ಣಿನಲ್ಲಿ ನೋಡುತ್ತಿತ್ತು. ಮೂರು ತಿಂಗಳು ಮಡಿಲಲ್ಲಿ ಕೂರಿಸಿಕೊಂಡವಳು ನಾನಲ್ಲವೇ.

ಅತ್ತೆಯೂ ಅದನ್ನು ಕಂಡರು. ಎದ್ದು ನನ್ನ ಕಡೆ ತಿರುಗಿದರು. ಮೂರು ತಿಂಗಳಾದ ಮೇಲೆ ಮೊದಲ ಸಲ ನೇರವಾಗಿ ನನಗೆ ಹೇಳಿದರು.

"ನೀನು ಕರಿ."

"ಅಮ್ಮ, ಇಷ್ಟು ಜನರ ಮುಂದೆ?"

"ಜನ ಇಲ್ಲದಾಗ ಕರೆದ್ಯಾ?"

ಬುಟ್ಟಿ ಕೆಳಗಿಟ್ಟೆ. ಇಡೀ ಊರು ನನ್ನ ಬಾಯಿ ನೋಡುತ್ತಿತ್ತು. ಹಾಳಾಗಿ ಹೋಗಲಿ ಎಂದು ಕಣ್ಣು ಮುಚ್ಚಿಕೊಂಡೆ.

"ಕುಮುಷ್!" ಎಂದೆ. "ಕುಮುಷ್, ಬಾ!"

ನಾನು ಏಕವಚನದಲ್ಲಿ ಕರೆದಿದ್ದು ನನಗೆ ಆಮೇಲೆ ಗೊತ್ತಾಯಿತು. ಮೊದಲು ಕೇಳಿಸಿದ್ದು ಟುಪ್ ಎಂಬ ಸದ್ದು. ಮತ್ತೊಂದು ಟುಪ್. ಕಣ್ಣು ತೆರೆದರೆ ಕೋಳಿ ಕುಡುಕನ ಹಾಗೆ ಅತ್ತಿತ್ತ ವಾಲುತ್ತ, ಕುಲಾವಿ ಒಂದು ಕಣ್ಣಿಗೆ ಜಾರಿ, ನನ್ನ ಕಡೆ ಬರುತ್ತಿತ್ತು. ಬಂದು ನನ್ನ ಬೂಟಿನ ಮೇಲೆ ಕೂತಿತು. ಹೆಂಗಸರು ಹೋ ಎಂದು ಕೂಗಿದರು, ತುರ್ದಾಕುನ್ ಕುದುರೆಯ ಮೇಲಿಂದಲೇ ಮೂಗು ಒರೆಸಿಕೊಂಡ.

ಜನ ಒಳಗೆ ನುಗ್ಗಿ ತಿನ್ನತೊಡಗಿದಾಗ ಅತ್ತೆ ಹೊಸ್ತಿಲ ಪೆಟ್ಟಿಗೆಯ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತೆ. ಕೋಳಿ ನಮ್ಮಿಬ್ಬರ ನಡುವೆ ಇತ್ತು, ಆದರೆ ಅತ್ತೆ ಅದಕ್ಕೆ ಹೇಳಲಿಲ್ಲ, ನನಗೇ ಹೇಳಿದರು.

"ಆಗ ನನಗೆ ಹತ್ತೊಂಬತ್ತು. ಚಳಿಗಾಲದ ಹುಲ್ಲುಗಾವಲಲ್ಲಿ ಮೂರು ಮನೆ. ನಮ್ಮತ್ತೇನೂ ಆ ಎರಡು ಮನೆ ಅತ್ತೇರೂ ಕುರಿಮರಿ ಹುಡುಕಿಕೊಂಡು ಹೋದ್ರು, ಗಾಳಿ ಎದ್ದುಬಿಡ್ತು. ನಾನು ಅಮ್ಮಾ ಅಮ್ಮಾ ಅಂತ ಕೂಗ್ದೆ. ಆಚೆಮನೆ ಸೊಸೇನೂ ಅಮ್ಮಾ ಅಂತಲೇ ಕೂಗ್ತಿದ್ಲು, ಈಚೆಮನೆಯವಳೂ ಅದನ್ನೇ. ಬೆಳಗ್ಗೆ ಸಿಕ್ಕಿದ್ರು. ಹತ್ತು ಬೆರಳೂ ಹೋದ್ವು. ಹನ್ನೊಂದು ವರ್ಷ ಹಾಸಿಗೆ ಮೇಲೆ. ದಿನಾ ನಾನೇ ಕಾಲು ತೊಳೆದೆ." ಅವರು ಕೋಳಿಯ ಬೂಟು ಸರಿಮಾಡಿದರು. "ಬೈದಿದ್ರೆ ಚೆನ್ನಾಗಿತ್ತು. ಒಂದೇ ಮಾತು ಹೇಳಿದ್ರು. 'ಕೂಗಿದ್ದು ಕೇಳಿಸ್ತು ಕಣೇ ಹುಡುಗಿ. ಬೇರೆ ಯಾರ ಅಮ್ಮನ್ನೋ ಕರೀತಿದಾರೆ ಅಂದ್ಕೊಂಡೆ.'"

ನಾನು ಕೋಳಿಯನ್ನು ಎತ್ತಿ ಅವರ ಮಡಿಲಲ್ಲಿ ಕೂರಿಸಿದೆ.

"ಸೇಡಿಗೆ ಹೆಸರಿಟ್ಟೆ ಅಂತಾರೆ ಊರವರು. ಇರಲಿ, ಸ್ವಲ್ಪ ಸೇಡೂ ಇತ್ತು. ಆದ್ರೆ ಸಂಜೆ ಹೊತ್ತು ಕರೆದ್ರೆ ಬರ್ತಿದ್ಲಲ್ಲ... ದಿನಾ ಬರ್ತಿದ್ಲು." ಅಷ್ಟು ಹೇಳಿ ಅತ್ತೆ ಕಣ್ಣು ಒರೆಸಿಕೊಳ್ಳದೆ ಹಾಗೇ ಬಿಟ್ಟರು. ಅವರ ಕೈ ಹಿಡಿದುಕೊಂಡೆ, ಅವರು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಬಿಡಿಸಿಕೊಂಡರು. "ಈಗ ನನ್ನ ಹೆಸರು ಹೇಳು."

"ಏನು?"

"ನಾಳೆ ನಾನೇ ಗಾಳಿಯಲ್ಲಿ ಸಿಕ್ಕಿಕೊಂಡ್ರೆ? ಬೀದಿಯ ಸೊಸೇರೆಲ್ಲ ಅಮ್ಮಾ ಅಂತೀರಿ. ನಾನು ಯಾರ ಕಡೆ ಅಂತ ನಡೀಲಿ? ಹೇಳು."

"ನನ್ನ ಉಸಿರು ಹೋದ್ರೂ ಹೇಳಲ್ಲ ಅಮ್ಮ! ಒಂದು ದಿನಕ್ಕೆ ಒಂದು ಸಾಕು!"

"ಹೇಳಲ್ವಾ?"

"ಇಲ್ಲ."

ಎದ್ದರು. ಕೋಲು ಊರಿಕೊಂಡು ಅಂಗಳ ದಾಟಿ ಬಣವೆಯ ಹಿಂದೆ ಹೋಗಿ ಮರೆಯಾದರು. ಹಟ ಹಿಡಿದರೆ ಅವರ ಮುಂದೆ ಹೇಸರಗತ್ತೆಯೂ ಸೋಲಬೇಕು. ಜನ ತಿಂದು ಕೈತೊಳೆದು ಹೊರಟರು. ಬಿಸಿಲು ಗುಡ್ಡದ ಹಿಂದೆ ಸರಿಯಿತು. ವಸಂತದ ಪುಡಿಹಿಮ ಸಣ್ಣಗೆ ಬೀಳತೊಡಗಿತು.

"ಅಮ್ಮಾ, ಚಹಾ ಆರ್ತಿದೆ!" ಎಂದು ಕೂಗಿದೆ.

"ಯಾರಮ್ಮ?" ಎಂದಿತು ಬಣವೆ.

"ಅಮ್ಮಾ, ಚಳಿ! ಮಂಡಿನೋವು ಬರುತ್ತೆ!"

"ಆಚೆಮನೆಯವಳು ಅವಳತ್ತೇನ ಕರೀತಿದಾಳೆ ಅನ್ಸುತ್ತೆ."

ನನ್ನವರು ಬಾಗಿಲಿಗೆ ಬಂದು ನನ್ನನ್ನೂ ಬಣವೆಯನ್ನೂ ನೋಡಿ, "ಅಮ್ಮ ಹೇಳೋದೂ..." ಎಂದು ಶುರುಮಾಡಿದವರು ನನ್ನ ಮುಖ ನೋಡಿ ಒಳಗೆ ಹೋದರು. ಹಿಮ ದಪ್ಪವಾಯಿತು. ಬಣವೆಯ ಅಂಚು ಮಸುಕಾಗತೊಡಗಿತು. ಡಿಸೆಂಬರಿನ ಆ ಮಧ್ಯಾಹ್ನ ನಾನು ನಿಂತಿದ್ದ ಜಾಗದಲ್ಲೇ, ಅದೇ ಹೊಸ್ತಿಲಲ್ಲಿ, ಬಾಯಿ ತೆರೆದುಕೊಂಡು ನಿಂತಿದ್ದೆ. ಕಾಲ ಬಳಿ ಕುಮುಷ್ ಬೂಟು ಹಾಕಿಕೊಂಡು ನಿಂತು ಅದೇ ಕಡೆ ನೋಡುತ್ತಿತ್ತು. ಬಣವೆ ಪೂರ್ತಿ ಕಾಣದಾದಾಗ ನನ್ನ ಜೀವ ಬಾಯಿಗೆ ಬಂತು, ಅದರ ಜೊತೆಗೇ ಹೆಸರೂ ಬಂತು.

"ಊಲ್ಕಾನ್!" ಎಂದು ಕಿರುಚಿದೆ. "ಊಲ್ಕಾನ್! ಮನೆಗೆ ಬಾ!"

ಹಿಮದೊಳಗಿಂದ ಮೊದಲು ಕೋಲು ಬಂತು, ಆಮೇಲೆ ಅತ್ತೆ ಬಂದರು. ಹೆಗಲ ಮೇಲಿನ ಹಿಮ ಕೊಡವಿಕೊಂಡು, ಹೊಸ್ತಿಲ ಪೆಟ್ಟಿಗೆಯ ಒಂದು ಹಿಡಿಗೆ ಕೈ ಹಾಕಿ ಇನ್ನೊಂದನ್ನು ನನ್ನ ಕಡೆ ತಳ್ಳಿದರು.

"ಏನೇ ಅಷ್ಟು ಗಂಟಲು ಹರಕೊಳ್ತೀಯ, ನಾನೇನು ಕಿವುಡೀನಾ? ಹಿಡಿ ಇದನ್ನ, ಒಳಗೆ ಇಡೋಣ."